ಹಪ್ಪಳ ಕಾಯುವ ಬೆಣೆ

ಬೇಸಗೆಯಲ್ಲಿ ನಮ್ಮ ಮನೆಯಂಗಳದ ತುಂಬ ಹಲಸಿನ ಹಪ್ಪಳ ಒಣಗುತ್ತದೆ. ಚಾಪೆಯ ಮೂಲೆಗಳಿಗೆ ಭಾರ ಇಡದಿದ್ದರೆ ಕುಂದಾಪುರದ ಕಡಲಗಾಳಿ ಅದನ್ನು ಹಪ್ಪಳ ಸಮೇತ ಎತ್ತಿಕೊಂಡು ಹೋಗಿ ನೆರೆಮನೆಯ ಬಾವಿಗೆ ಹಾಕುತ್ತದೆ. ಮೂರು ಮೂಲೆಗಳಲ್ಲಿ ಹೊಳೆಯ ಉರುಟು ಕಲ್ಲು. ನಾಲ್ಕನೆಯ ಮೂಲೆಯಲ್ಲಿ ಮಾತ್ರ ಒಂದು ಕಬ್ಬಿಣದ ತುಂಡು. ಗೇಣಿಗಿಂತ ತುಸು ಉದ್ದ, ಒಂದು ತುದಿ ದಪ್ಪ, ಇನ್ನೊಂದು ತುದಿ ತೆಳು, ದಪ್ಪ ತುದಿಯಲ್ಲಿ ಹೆಡೆಯೆತ್ತಿದ ಹಾಗೆ ಒಂದು ತಲೆ. ಅದನ್ನು ಇಡುವವಳೂ ನನ್ನ ಹೆಂಡತಿಯೇ, ಎತ್ತುವವಳೂ ಅವಳೇ. ನಾನು ಮುಟ್ಟಿದರೆ, "ಅದ್ ನಿಮ್ದಲ್ಲ, ನಂದ್" ಎನ್ನುತ್ತಾಳೆ. ಊರಿಗೆಲ್ಲ ಕಬ್ಬಿಣದ ಕೆಲಸ ಮಾಡಿಕೊಡುವವನಿಗೆ ಮನೆಯಲ್ಲಿ ಒಂದು ತುಂಡು ಕಬ್ಬಿಣದ ಮೇಲೂ ಹಕ್ಕಿಲ್ಲ!

ಮೊನ್ನೆ ನೆರೆಮನೆಗೆ ಬಂದಿದ್ದ ನೆಂಟರೊಬ್ಬರು ಬೇಲಿಯಾಚೆಯಿಂದ ಅದನ್ನು ಕಂಡು, "ಹ್ವಾಯ್, ಅದೆಂತದ್ ಮಾರಾಯ್ರೆ? ಉಳಿಯಾ, ಸುತ್ತಿಗಿಯಾ?" ಎಂದು ಕೇಳಿದರು. ನಾನು ಬಾಯಿ ತೆರೆಯುವುದರೊಳಗೆ ಅಡಿಗೆಮನೆಯಿಂದ ಮಾತು ಬಂತು.

"ಕೇಣ್ಬೇಡಿ! ಕೇಂಡ್ರೆ ನಿಮ್ಗ್ ಇವತ್ತ್ ಊಟ ಇಲ್ಲೆ."

ಅವರು ನಕ್ಕು, ಬಸ್ಸಿಗೆ ಹೊತ್ತಾಯಿತೆಂದು ಹೊರಟೇಹೋದರು. ಕಥೆ ನನ್ನ ಬಾಯಲ್ಲಿಯೇ ಉಳಿಯಿತು. ನಿಮಗೆ ಬಸ್ಸಿಲ್ಲವಲ್ಲ, ನೀವು ಕೂತು ಕೇಳಿ.

ಅದು ಬೆಣೆ. ವರ್ಕ್‌ಶಾಪಿನವರು ಕೀ ಎನ್ನುತ್ತಾರೆ, ನಾಲ್ಕು ಜನರ ಎದುರು ನಾನೂ ಹಾಗೆಯೇ ಎನ್ನುತ್ತೇನೆ. ಎಂಜಿನಿನ ದೊಡ್ಡ ಚಕ್ರ ದಂಡದ ಮೇಲೆ ಸುಮ್ಮನೆ ಕೂರುವುದಿಲ್ಲ, ಜಾರುತ್ತದೆ. ಅದಕ್ಕೆಂದು ದಂಡದ ಮೈಯಲ್ಲೊಂದು, ಚಕ್ರದ ನಡುತೂತಿನ ಒಳಮೈಯಲ್ಲೊಂದು ಉದ್ದಕ್ಕೆ ತೋಡು ಕೊರೆದಿರುತ್ತಾರೆ. ಆ ಎರಡು ತೋಡುಗಳನ್ನು ಎದುರುಬದುರು ತಂದು ನಡುವೆ ಈ ಬೆಣೆ ಹೊಡೆದರೆ ಚಕ್ರವೂ ದಂಡವೂ ಗಂಡ ಹೆಂಡಿರ ಹಾಗೆ ಒಟ್ಟಿಗೆ ತಿರುಗುತ್ತವೆ. ಇಷ್ಟು ತಿಳಿದರೆ ನಿಮಗೆ ಎಂಜಿನು ತಿಳಿದ ಹಾಗೆಯೇ. ಉಳಿದದ್ದೆಲ್ಲ ಎಣ್ಣೆ, ಬೆಂಕಿ ಮತ್ತು ಬೈಗುಳ.

ಇದನ್ನೆಲ್ಲ ನನಗೆ ಯಾರೂ ಪುಸ್ತಕ ಹಿಡಿದು ಕಲಿಸಲಿಲ್ಲ. ಬ್ರಹ್ಮಾವರದ ಹತ್ತಿರದ ನಮ್ಮೂರ ಶಾಲೆಗೆ ಐದನೇ ಕ್ಲಾಸಿನವರೆಗೆ ಹೋದೆ. ಆಮೇಲೆ ಶಾಲೆ ನನ್ನನ್ನು ಕರೆಯಲಿಲ್ಲ, ನಾನೂ ಹೋಗಲಿಲ್ಲ. ಅದಕ್ಕೆ ನನಗೆ ಬೇಸರವೇನೂ ಇಲ್ಲ. ಇವತ್ತು ರಸ್ತೆಯ ಬದಿಯಲ್ಲಿ ನನ್ನದೇ ವರ್ಕ್‌ಶಾಪಿದೆ, ನನ್ನ ಕೈ ಸೋಕಿದ ಪಂಪುಗಳು ಬೈಂದೂರಿನಿಂದ ಬ್ರಹ್ಮಾವರದವರೆಗೆ ನೀರು ಎತ್ತುತ್ತಿವೆ. ಜಂಬ ಎನ್ನುವವರು ಎನ್ನಲಿ. ಮೈಮುರಿದು ದುಡಿದವನಿಗೆ ಅಷ್ಟು ಜಂಬ ಇರಬಾರದೆ?

ಆದರೆ ಬಿಚ್ಚುವ ಚಟ ದುಡಿಮೆಯಿಂದ ಬಂದದ್ದಲ್ಲ, ಹುಟ್ಟುವಾಗಲೇ ಬಂದದ್ದು. ನಮ್ಮ ಮನೆಯಲ್ಲಿ ಮರದ ಶ್ಯಾವಿಗೆ ಒರಳೊಂದಿತ್ತು. ಮೇಲಿನ ತಿರುಪು ತಿರುಗಿಸಿದರೆ ಅಕ್ಕಿಹಿಟ್ಟಿನ ಬಿಸಿ ಉಂಡೆ ಕೆಳಗಿನ ತೂತುಗಳಿಂದ ಎಳೆ ಎಳೆಯಾಗಿ ಇಳಿಯುತ್ತಿತ್ತು. ಉಂಡೆ ಒಳಗೆ ಹೋಗಿ ದಾರವಾಗುವ ಮಧ್ಯದಲ್ಲಿ ಏನಾಗುತ್ತದೆ ಎಂಬುದು ನನಗೆ ನಿದ್ದೆಗೆಡಿಸುವ ಸಂಗತಿಯಾಗಿತ್ತು. ಒಂದು ದಿನ, ನೆಂಟರು ಬರುವ ದಿನವೇ, ಅಬ್ಬಿ, ಅಂದರೆ ನನ್ನ ತಾಯಿ, ನೀರಿಗೆ ಹೋದಾಗ ಅದನ್ನು ಬಿಚ್ಚಿ ನೋಡಿದೆ. ಒಳಗೆ ಏನೂ ಇರಲಿಲ್ಲ. ಬರೀ ಒಂದು ಪೊಳ್ಳು! ಆ ಬೇಸರದಲ್ಲಿ ತಿರುಪನ್ನು ಓರೆಯಾಗಿ ಕೂರಿಸಿ ಬಿಗಿದುಬಿಟ್ಟೆ. ನೆಂಟರು ಬಂದರು, ಕಾಯಿಹಾಲು ತಯಾರಾಯಿತು, ಉಂಡೆ ಬೆಂದಿತು, ತಿರುಪು ಮಾತ್ರ ಅಲುಗಲಿಲ್ಲ. ಅಬ್ಬಿ ನನ್ನ ಮುಖ ನೋಡಿದಳು, ಒರಳಿನ ಮುಖ ನೋಡಿದಳು, ಉಂಡೆಗಳನ್ನೇ ಕಾಯಿಹಾಲಿನಲ್ಲಿ ತೇಲಿಸಿ ಬಡಿಸಿದಳು. ನೆಂಟರಲ್ಲೊಬ್ಬ ಅತ್ತೆ, "ಇದ್ ಎಂತ ತಿಂಡಿ ಹೆಣೆ, ಲಾಯ್ಕ್ ಇತ್ತ್! ಹ್ಯಾಂಗ್ ಮಾಡುದ್?" ಎಂದು ಕೇಳಿದಳು. ಅಬ್ಬಿ ನನ್ನ ಕಡೆ ಕೈ ತೋರಿಸಿ, "ಅವ್ನತ್ರ ಕೇಣ್" ಎಂದಳು.

ಬಿಚ್ಚುವುದು ಯಾರಿಗೂ ಬರುತ್ತದೆ, ಕೂಡಿಸುವುದೇ ಕೆಲಸ ಎಂದು ಆವತ್ತು ಗೊತ್ತಾಯಿತು. ಮುಂದೆ ಕುಂದಾಪುರದಲ್ಲಿ ಬಸ್ಸು ರಿಪೇರಿಯ ಶೆಡ್ಡಿಗೆ ಸೇರಿದ ಮೇಲೆ ನನ್ನದೇ ಒಂದು ಪದ್ಧತಿ ಮಾಡಿಕೊಂಡೆ. ನೆಲದಲ್ಲಿ ಗೋಣಿತಟ್ಟು ಸಾಲಾಗಿ ಹಾಸುವುದು. ಮೊದಲು ಬಿಚ್ಚಿದ್ದು ಎಡತುದಿಗೆ, ಆಮೇಲಿನದ್ದು ಅದರ ಪಕ್ಕಕ್ಕೆ, ಹೀಗೆ ಕೊನೆಯ ತನಕ. ಕೂಡಿಸುವಾಗ ಬಲತುದಿಯಿಂದ ಹಿಂದಕ್ಕೆ ಬಂದರಾಯಿತು. ಒಂದು ವಾಷರ್ ಕೂಡ ಉಳಿಯುವುದಿಲ್ಲ. ಆ ಸಾಲನ್ನು ಯಾರಾದರೂ ಮುಟ್ಟಿದರೆ ನನಗೆ ಸಿಟ್ಟು ನೆತ್ತಿಗೇರುತ್ತಿತ್ತು.

ಈಗ ವಂಡ್ಸೆಗೆ ಬರೋಣ. ನಮ್ಮ ಜಿಲ್ಲೆಯನ್ನು ಮದ್ರಾಸಿನಿಂದ ಬಿಚ್ಚಿ ಮೈಸೂರಿಗೆ ಕೂಡಿಸಿದ ಮರುವರ್ಷದ ಮಾತು. ಅಷ್ಟು ದೊಡ್ಡ ಕೆಲಸವನ್ನು ಗೋಣಿತಟ್ಟು ಹಾಸದೆ ಹೇಗೆ ಮಾಡಿದರೋ! ವಂಡ್ಸೆಯಲ್ಲಿ ರಾಮಣ್ಣ ಶೆಟ್ರದ್ದೊಂದು ಅಕ್ಕಿ ಮಿಲ್ಲಿತ್ತು. ಅದಕ್ಕೊಂದು ಹಳೆಯ ವಿಲಾಯತಿ ಎಂಜಿನು, ಆಳೆತ್ತರದ ಒಂದೇ ಚಕ್ರದ್ದು. ಅದು ನಡೆದರೆ ಗುಡ್ಡದಾಚೆಗೂ ಡಬ್, ಡಬ್ ಎಂದು ಕೇಳಿಸುತ್ತಿತ್ತು. ಅದರ ದಂಡದ ಬೇರಿಂಗು ಸವೆದು, ಚಕ್ರ ಕುಡಿದವನ ಹಾಗೆ ಅತ್ತಿತ್ತ ತೊನೆಯತೊಡಗಿದಾಗ ನನಗೆ ಕರೆ ಬಂತು. ಮೀಸೆ ಆಗತಾನೆ ಗಟ್ಟಿಯಾಗುತ್ತಿದ್ದ ಕಾಲ, ಒಂಟಿಯಾಗಿ ಮಾಡುವ ಮೊದಲ ದೊಡ್ಡ ಕೆಲಸ. ಹೊಳೆ ದಾಟಿ ಬಸ್ಸು ಹಿಡಿದು, ಕೊಲ್ಲೂರಿನ ನವರಾತ್ರಿಗೆ ಹೊರಟ ಜನರ ನಡುವೆ ಪಾನೆ, ಸುತ್ತಿಗೆಗಳ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಹೋಗಿ ಇಳಿದೆ.

ಎಂಜಿನು ಬಿಚ್ಚಿದೆ. ಚಕ್ರವನ್ನು ಕಳಚಿ, ಹಗ್ಗ ಕಟ್ಟಿ, ಆರು ಆಳುಗಳು ಹಿಡಿದು ಅಂಗಳದಲ್ಲಿ ಮಲಗಿಸಿದರು. ಒಂದೊಂದು ಭಾಗವನ್ನೂ ಚಿಮಣಿ ಎಣ್ಣೆಯಲ್ಲಿ ನಾನೇ ತೊಳೆದೆ, ಬೇರೆಯವರ ಕೈಗೆ ಕೊಡಲಿಲ್ಲ. ಚಕ್ರದ ತೋಡಿಗೆ ಬಟ್ಟೆ ಸುತ್ತಿದ ಕಡ್ಡಿ ಹಾಕಿ ಆಚೆಯಿಂದ ಈಚೆಗೆ ಹಲ್ಲುಜ್ಜಿದ ಹಾಗೆ ಉಜ್ಜಿದೆ. ಎಲ್ಲವನ್ನೂ ಗೋಣಿತಟ್ಟಿನ ಮೇಲೆ ಸಾಲಾಗಿಟ್ಟೆ. ಅಂಗಳದಲ್ಲಿ ಸೇರಿದ್ದ ಊರವರು ಆ ಸಾಲನ್ನು ನೋಡಿ ತಲೆದೂಗಿದರು. ಆ ತಲೆದೂಗುವಿಕೆಯೇ ನನಗೆ ಮುಳುವಾಯಿತು ನೋಡಿ. ಎದೆ ಉಬ್ಬಿಸಿ ಹೇಳಿಬಿಟ್ಟೆ: "ಎಲ್ಲರೂ ಭತ್ತ ಬೆಯ್ಸಿ. ದಶಮಿ ಕಳ್ದ್ ನಿಮ್ಮ ಭತ್ತ ಒಣ್ಗುವಷ್ಟೊತ್ತಿಗೆ ಎಂಜಿನ್ ತಿರ್ಗತ್ತ್. ತಿರ್ಗ್ಲಿಲ್ಲೆ ಅಂದ್ರೆ ನಾ ಈ ಪೆಟ್ಟಿಗಿ ಹೊಳಿಗೆ ಹಾಕ್ತೆ!"

ಯಾರೂ ಕೇಳಿರದ ಪಂಥ. ರಾಮಣ್ಣ ಶೆಟ್ರು ಎಲೆಯಡಿಕೆ ತುಂಬಿದ ಬಾಯನ್ನು ಮೇಲಕ್ಕೆತ್ತಿ, "ಹೊಳಿ ಹತ್ರವೇ ಇತ್ತ್" ಎಂದರು, ಅಷ್ಟೇ.

ನಮ್ಮ ಕಡೆಯ ಊಟ ಕುಚ್ಚಲಕ್ಕಿಯದ್ದು ಎಂದು ನಿಮಗೆ ಗೊತ್ತಲ್ಲ. ಭತ್ತ ನೆನೆಸಿ, ಬೇಯಿಸಿ, ಒಣಗಿಸಿ, ಆಮೇಲೆ ಮಿಲ್ಲಿಗೆ. ಬೇಯಿಸಿದ ಭತ್ತ ಕಾಯುವುದಿಲ್ಲ. ಹೆಚ್ಚು ಒಣಗಿದರೆ ಅಕ್ಕಿ ನುಚ್ಚಾಗುತ್ತದೆ, ಮಳೆ ಬಿದ್ದು ನೆನೆದರೆ ಮುಗ್ಗಿ ಹುಳಿವಾಸನೆ ಬರುತ್ತದೆ. ಹೊಸ ಬೆಳೆ ಇನ್ನೂ ಗದ್ದೆಯಲ್ಲಿ ನಿಂತಿತ್ತು. ಭತ್ತ ತುಂಬಿಡುವ ಪತ್ತಾಯಗಳ ತಳದಲ್ಲಿ ಉಳಿದಿದ್ದುದೇ ಎಲ್ಲರ ಅನ್ನ. ಅದನ್ನು ಜನ ನನ್ನ ಒಂದು ಮಾತಿಗೆ ಹಂಡೆಗೆ ಸುರಿದರು.

ನವಮಿಯ ದಿನ ನಾನು ಅಬ್ಬಿಯನ್ನು ನೋಡಲು ಊರಿಗೆ ಹೋದೆ. ಆಯುಧಪೂಜೆ ಮಾಡಿದ ಹತಾರವನ್ನು ದಶಮಿ ಕಳೆಯದೆ ಮುಟ್ಟುವ ಹಾಗಿಲ್ಲ, ಇನ್ನು ಅಲ್ಲಿ ನನಗೇನು ಕೆಲಸ? ದಶಮಿಯ ಮರುದಿನ ಬೆಳಿಗ್ಗೆ ವಂಡ್ಸೆಗೆ ಮರಳಿ, ಅಂಗಳಕ್ಕೆ ಕಾಲಿಟ್ಟವನು ಹಾಗೆಯೇ ನಿಂತುಬಿಟ್ಟೆ. ನನ್ನ ಸಾಲು ಇರಲಿಲ್ಲ! ಎಂಜಿನಿನ ಭಾಗಗಳನ್ನೆಲ್ಲ ಬಾಳೆಲೆಯ ಮೇಲೆ ಮದುವೆಮನೆಯ ಫೋಟೋಕ್ಕೆ ಕೂರಿಸಿದ ಹಾಗೆ ಕೂರಿಸಿದ್ದರು. ದೊಡ್ಡವು ಹಿಂದೆ, ಸಣ್ಣವು ಮುಂದೆ, ನಟ್ಟು ಬೋಲ್ಟುಗಳೆಲ್ಲ ಮಕ್ಕಳ ಹಾಗೆ ಕೆಳಗೆ. ಪ್ರತಿಯೊಂದಕ್ಕೂ ಗಂಧ, ಕುಂಕುಮ, ಒಂದೊಂದು ಕೇಪಳದ ಹೂವು.

ರಾಮಣ್ಣ ಶೆಟ್ರ ತಾಯಿ ಹಲ್ಲಿಲ್ಲದ ಬಾಯಲ್ಲಿ ನಗುತ್ತ ಎದುರು ಬಂದರು. ಊರಿಗೆಲ್ಲ ಅವರು ಅಮ್ಮಮ್ಮ.

"ಹ್ಯಾಂಗಿತ್ತ್ ಮೇಸ್ತ್ರಿ? ನೀವ್ ಇಟ್ಟದ್ದ್ ಒಂಚೂರೂ ಚೆಂದ ಇರ್ಲಿಲ್ಲೆ. ನಾನೂ ಮೊಮ್ಮಗಳೂ ಕೂಕಂಡ್ ಎಲ್ಲ ಸಮ ಮಾಡಿತ್."

ನನ್ನ ಸಿಟ್ಟು ನೆತ್ತಿಯ ತನಕ ಬಂದದ್ದು ನಿಜ. ಆದರೆ ಅವರ ಹಿಂದೆ ಬಾಗಿಲ ಸಂದಿನಲ್ಲಿ ಆ ಮೊಮ್ಮಗಳು ನಿಂತಿದ್ದಳು. ಬೈಂದೂರಿನ ಮಗಳ ಮಗಳಂತೆ, ಚಂದ್ರಾವತಿಯಂತೆ, ನವರಾತ್ರಿಗೆ ಅಜ್ಜಿಮನೆಗೆ ಬಂದದ್ದಂತೆ. ಸಿಟ್ಟು ನೆತ್ತಿಯವರೆಗೆ ಬಂದು ಅಲ್ಲಿಂದ ಎಲ್ಲಿಗೆ ಹೋಯಿತೋ ತಿಳಿಯದು. "ಲಾಯ್ಕ್ ಇತ್ತ್ ಅಮ್ಮಮ್ಮ" ಎಂದೆ.

ಇರಲಿ, ಸಾಲು ಹೋದರೂ ನನ್ನ ತಲೆ ಎಲ್ಲಿಗೂ ಹೋಗಿರಲಿಲ್ಲ. ಅಮ್ಮಮ್ಮ ಎಣ್ಣೆಬಟ್ಟೆಯಿಂದ ಎಲ್ಲದರ ಗಂಧ ಒರೆಸಿ ಒರೆಸಿ ಕೊಟ್ಟರು, ನಾನು ನೆನಪಿನಿಂದಲೇ ಕೂಡಿಸಿದೆ. ಬೇರಿಂಗು ಕೂತಿತು, ದಂಡ ಕೂತಿತು. ಮರುದಿನ ಬೆಳಿಗ್ಗೆ ಚಕ್ರವನ್ನು ಎತ್ತಿ ದಂಡಕ್ಕೆ ಏರಿಸಿದೆವು. ತೋಡಿಗೆ ತೋಡು ಸರಿಯಾಗಿ ಬಂತು. ಹೊರಗಡೆಯಿಂದ ಬೆರಳಿನಲ್ಲಿ ಒಳಗೆ ಗ್ರೀಸು ಹಚ್ಚಿ, ಬೆಣೆ ಇಟ್ಟು, ಸುತ್ತಿಗೆ ಎತ್ತಿದೆ.

ಬೆಣೆ ಹೋಯಿತು, ಹೋಯಿತು, ನಿಂತಿತು.

ಹಿಂದೆ ಎಲ್ಲಿಯವರೆಗೆ ಕೂತಿತ್ತು ಎಂಬುದಕ್ಕೆ ಬೆಣೆಯ ಮೈಮೇಲೆ ತುಕ್ಕಿನ ಗೆರೆ ಇತ್ತು. ಆ ಗೆರೆ ಇನ್ನೂ ನಾಲ್ಕು ಬೆರಳು ಹೊರಗೆ. ಹೊಡೆದೆ. ಠಣ್ ಎಂದು ಸುತ್ತಿಗೆ ಹಿಂದಕ್ಕೆ ಹಾರಿತು. ಬೆಣೆ ಕಳಚಿ, ಒರೆಸಿ, ಮತ್ತೆ ಹೊಡೆದೆ. ಅಲ್ಲಿಯೇ. ಮುಂಚೆ ಇದೇ ಬೆಣೆ, ಇದೇ ತೋಡು, ಇದೇ ದಂಡ ಕೂಡಿಕೊಂಡು ವರ್ಷಗಟ್ಟಲೆ ಸಂಸಾರ ಮಾಡಿದ್ದವು. ಈಗೇನು ಬಂತು ಇವಕ್ಕೆ?

ಅಂಗಳದಲ್ಲಿ ಸಾಲು ಸಾಲು ಚಾಪೆಗಳ ಮೇಲೆ ಭತ್ತ ಒಣಗುತ್ತಿತ್ತು. ಜನ ಆಗಾಗ ಒಂದು ಕಾಳನ್ನು ಹಲ್ಲಿಗೆ ಹಾಕಿ ಕಡಿದು ನೋಡುವರು, ಆಮೇಲೆ ನನ್ನನ್ನು ನೋಡುವರು. ಕಟ್ ಎಂದು ಕೇಳುವ ಆ ಸದ್ದು ನನ್ನ ಕಿವಿಯಲ್ಲಿ ಇವತ್ತಿಗೂ ಇದೆ. ಕೊಲ್ಲೂರಿನ ಗುಡ್ಡದ ಕಡೆ ಮೋಡ ಕಪ್ಪಾಗತೊಡಗಿತ್ತು. ಒಬ್ಬೊಬ್ಬರಾಗಿ ಎಂಜಿನಿನ ಸುತ್ತ ಬಂದು ನಿಂತರು. ಎಂಜಿನು ಹಾಳಾದರೆ ನಮ್ಮ ಜನರಿಗೆ ಬರುವ ಬುದ್ಧಿ ಬೇರೆ ಯಾವಾಗಲೂ ಬರುವುದಿಲ್ಲ.

"ಸೆಕೆಗೆ ಕಬ್ಬಿಣ ಉಬ್ಬಿತ್ತ್ ಕಾಣ್" ಎಂದರು ಒಬ್ಬರು.

"ಪೂಜಿಗೆ ಒಡ್ದ ಕಾಯಿ ಕೊಳ್ತಿತ್ತಾ ಕಾಂಬ, ಕೇಣಿ" ಎಂದರು ಇನ್ನೊಬ್ಬರು.

ಬೊಂಬಾಯಿ ಭೋಜ ಮುಂದೆ ಬಂದ. ಬೊಂಬಾಯಿಯ ಹೋಟೆಲಿನಲ್ಲಿ ಕೆಲಸ ಮಾಡಿ ರಜೆಯಲ್ಲಿ ಬಂದವನು, ಬಿಸಿಲಿರಲಿ ಇಲ್ಲದಿರಲಿ ಹೊಳೆಯುವ ಹಿಡಿಯ ಹೊಸ ಕೊಡೆಯೊಂದನ್ನು ಬಿಟ್ಟಿರದವನು. ಕೊಡೆಯ ತುದಿಯಿಂದ ಚಕ್ರವನ್ನು ತಟ್ಟಿ, "ಗರಂ ಕರೋ! ಬೊಂಬಾಯಂಗೆ ಎಲ್ಲ ಗರಂ ಮಾಡಿಯೇ ಹಾಕುದ್" ಎಂದ.

"ಎಂತ ಹಾಕುದ್?" ಎಂದೆ.

"ಎಲ್ಲ."

"ನೀ ಗರಂ ಮಾಡುದ್ ಚಾ ಅಲ್ದಾ ಮಾರಾಯ?"

ಜನ ನಕ್ಕರು. ಭೋಜನೂ ನಕ್ಕ. ರಾಮಣ್ಣ ಶೆಟ್ರು ಮಾತ್ರ ನಗಲಿಲ್ಲ. ಎಲೆಯಡಿಕೆ ಉಗಿದು ಬಂದು ನನ್ನ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತು, ಮೆಲ್ಲಗೆ ಹೇಳಿದರು.

"ಮೇಸ್ತ್ರಿ, ನಂಗ್ ನಿಮ್ಮ ಮೇಲ್ ಸಿಟ್ಟಿಲ್ಲೆ. ಆರೆ ಭತ್ತ ನಂದಲ್ಲ, ಊರಿಂದ್. ಬೆಣಿ ಒಂಚೂರ್ ಅರ ಹಾಕಿ ಸಣ್ಣ ಮಾಡಿ, ಹೋತಿಲ್ಯಾ ಕಾಂಬ. ಹೋತಿಲ್ಲೆ ಅಂದ್ರೆ ಮಧ್ಯಾಹ್ನದ ಬಸ್ಸಿಗೆ ಬೇರೆ ಮೇಸ್ತ್ರಿ ಕರ್ಕಂಡ್ ಬಪ್ಪುಕೆ ಜನ ಕಳ್ಸ್ತೆ."

ಬೇರೆ ಮೇಸ್ತ್ರಿ! ನನಗೆ ಹೊಳೆಯೂ ಕಂಡಿತು, ಅದರಲ್ಲಿ ತೇಲುವ ನನ್ನ ಪೆಟ್ಟಿಗೆಯೂ ಕಂಡಿತು. ಕಬ್ಬಿಣದ ಪೆಟ್ಟಿಗೆ ತೇಲುವುದಿಲ್ಲ ಎಂಬುದು ಆಗ ಹೊಳೆಯಲಿಲ್ಲ.

ಕೈ ಅರದ ಮೇಲೆ ಹೋಯಿತು. ಬೆಣೆಯ ಮೇಲಿಟ್ಟೂ ಆಯಿತು. ಆದರೆ ಅರ ಹಾಕಿದರೆ ಬೆಣೆ ಸಣ್ಣದಾಗಿ ಹೋಗುತ್ತದೆ, ಆಮೇಲೆ ಅದನ್ನು ದೊಡ್ಡದು ಮಾಡುವ ಅರ ಇಲ್ಲ. ಸಡಿಲವಾದ ಬೆಣೆಯಲ್ಲಿ ಅಷ್ಟು ದೊಡ್ಡ ಚಕ್ರ ಎರಡು ದಿನ ತಿರುಗಿ, ಮೂರನೆಯ ದಿನ ಗೋಡೆ ಒಡೆದುಕೊಂಡು ಕೊಲ್ಲೂರಿಗೆ ಹೋದೀತು. ಅರ ಕೆಳಗಿಟ್ಟೆ.

"ಒಂದ್ ದೀಪ ಕೊಡಿ" ಎಂದೆ.

ಹಗಲು ಹೊತ್ತು ದೀಪ ಕೇಳಿದ್ದಕ್ಕೆ ಜನ ಮುಖ ಮುಖ ನೋಡಿದರು. ಭೋಜ, "ಕಾಣಿ, ಗರಂ ಮಾಡ್ತ್ರ್" ಎಂದು ಖುಷಿಪಟ್ಟ. ಚಿಮಣಿ ದೀಪ ತಂದುಕೊಟ್ಟವಳು ಚಂದ್ರಾವತಿ. ನನಗೆ ಬೇಕಾಗಿದ್ದದ್ದು ಅದರ ಮಸಿ. ಬೆಣೆಯನ್ನು ಚೊಕ್ಕಟವಾಗಿ ಒರೆಸಿ, ದೀಪದ ಹೊಗೆಗೆ ಹಿಡಿದು, ಮೈಗೆಲ್ಲ ಕಪ್ಪು ಮಾಡಿದೆ. ತೋಡಿನ ಗ್ರೀಸನ್ನೂ ಬೆರಳು ಎಟುಕುವವರೆಗೆ ಒರೆಸಿ ತೆಗೆದೆ. ಬೆಣೆ ಎಲ್ಲಿ ತಿಕ್ಕುತ್ತದೆಯೋ ಅಲ್ಲಿ ಮಸಿ ಅಳಿಸುತ್ತದೆ. ಆ ಜಾಗ ತಿಳಿದರೆ ರೋಗ ತಿಳಿದ ಹಾಗೆ. ಮೆಲ್ಲಗೆ ಹೊಡೆದು, ಮೆಲ್ಲಗೆ ಕಳಚಿ, ಬಿಸಿಲಿಗೆ ಹಿಡಿದು ನೋಡಿದೆ.

ಮೇಲುಗಡೆ ಮಸಿ ಹಾಗೆಯೇ ಇದೆ. ಕೆಳಗಡೆ ಹಾಗೆಯೇ. ಎರಡು ಪಕ್ಕಗಳಲ್ಲೂ ಅಲ್ಲಲ್ಲಿ ತುಸು ಸವರಿದಂತೆ ಮಾತ್ರ. ಆದರೆ ತೆಳು ತುದಿಯ ಮೂಗಿನಲ್ಲಿ ಮಸಿ ಪೂರಾ ಅಳಿಸಿಹೋಗಿತ್ತು.

ಅಂದರೆ ಬೆಣೆ ದಪ್ಪವಾಗಿರಲಿಲ್ಲ. ತೋಡು ಸಣ್ಣದಾಗಿರಲಿಲ್ಲ. ಬೆಣೆ ಮೂಗು ತಾಗಿಸಿಕೊಂಡು ನಿಂತಿತ್ತು! ಎದುರಿಗೆ ಏನೋ ಇದೆ. ತೋಡು ಈಚೆಯಿಂದ ಆಚೆಗೆ ತೆರೆದದ್ದು, ಅದರಲ್ಲಿ ಇರುವಂಥದ್ದು ಏನು? ಆಚೆ ಬದಿ ಎಂಜಿನಿನ ಮೈಗೆ ಒತ್ತಿಕೊಂಡಿದೆ, ಕಣ್ಣು ಹಾಯುವುದಿಲ್ಲ. ಕಸ ಎನ್ನಲೆ? ನಾನೇ ತೊಳೆದ ತೋಡು ಅದು. ನಾನು ತೊಳೆದಲ್ಲಿ ಕಸವೇ? ಒಪ್ಪಲು ಮನಸ್ಸು ಸಿದ್ಧವಿಲ್ಲ. ಮೂಗು ತಾಗಿಸಿಕೊಂಡು ನಿಂತದ್ದು ಬೆಣೆ ಒಂದೇ ಅಲ್ಲ ಎಂದು ಈಗ ಅನಿಸುತ್ತದೆ.

ಒಳಗೆ ಕೆದಕಲು ಸಪುರದ, ಗಟ್ಟಿಯ, ಉದ್ದದ ತಂತಿ ಬೇಕಿತ್ತು. ಸುತ್ತ ನೋಡಿದೆ. ನನ್ನ ಕಣ್ಣು ಎಲ್ಲಿ ನಿಂತಿತೋ ಭೋಜನ ಕಣ್ಣೂ ಅಲ್ಲಿಗೇ ಬಂತು. ಅವನು ಕೊಡೆಯನ್ನು ಬೆನ್ನ ಹಿಂದೆ ಅಡಗಿಸಿದ.

"ಒಂದೇ ಕಡ್ಡಿ, ಭೋಜಣ್ಣ."

"ಆತಿಲ್ಲೆ! ಬೊಂಬಾಯಿ ಕೊಡಿ ಇದ್!"

"ಊರಿನ ಭತ್ತ ದೊಡ್ಡದಾ, ನಿನ್ನ ಕೊಡಿ ದೊಡ್ಡದಾ?" ಎಂದು ಅಮ್ಮಮ್ಮ ಗದರಿದರು. ಕೊಡೆ ಕೈಗೆ ಬಂತು, ಕಡ್ಡಿ ಕಳಚಿತು. ಭೋಜ ಆ ಕಡೆ ತಿರುಗಿ ನಿಂತ, ನೋಡಲಾರದೆ.

ಕಡ್ಡಿಯ ತುದಿಯನ್ನು ಕೊಕ್ಕೆ ಮಾಡಿ ತೋಡಿನ ಒಳಗೆ ಬಿಟ್ಟು ಕೆದಕಿದೆ. ಗಾರೆ ಕೆರೆದ ಹಾಗೆ ಕರಕರ ಸದ್ದು. ಒಂದು ಹೆಂಟೆ ಜಾರಿ ಅಂಗೈಗೆ ಬಿತ್ತು. ಹೊರಗೆ ಗ್ರೀಸಿನ ಕಪ್ಪು. ಒಡೆದು ನೋಡಿದರೆ ಒಳಗೆ ಹಳದಿ. ಹಳದಿಯ ನಡುವೆ ಒಂದು ಅಕ್ಕಿಕಾಳು.

ಅಕ್ಕಿ ಮಿಲ್ಲಿನಲ್ಲಿ ಅಕ್ಕಿಕಾಳು ಸಿಕ್ಕಿದರೆ ಏನು ದೊಡ್ಡದು ಎನ್ನುತ್ತೀರಾ? ನಾನೂ ಮೊದಲು ಹಾಗೆಯೇ ಅಂದುಕೊಂಡೆ. ಕಾಳನ್ನು ಉಗುರಿನಲ್ಲಿ ಕೆರೆದೆ. ಬಿಳಿ. ಆ ಮಿಲ್ಲಿನಲ್ಲಿ ಆಗುತ್ತಿದ್ದುದು ಬರೀ ಕುಚ್ಚಲಕ್ಕಿ, ಕೆಂಪು ಗೆರೆಯ ದಪ್ಪ ಕಾಳು. ಇದು ಬೆಳ್ತಿಗೆ, ಬೇಯಿಸದ ಭತ್ತದ ಅಕ್ಕಿ. ಬೆಳ್ತಿಗೆ ಅಕ್ಕಿಗೆ ನಮ್ಮ ಮನೆಗಳಲ್ಲಿ ಇರುವುದು ಎರಡೇ ಕೆಲಸ, ಒಂದು ದೋಸೆ, ಇನ್ನೊಂದು ದೇವರು. ಚಕ್ರದೊಳಗೆ ಯಾರೂ ದೋಸೆ ಎರೆದಿರಲಾರರು. ಮೂಗಿನ ಹತ್ತಿರ ತಂದು ಮೂಸಿದೆ. ಚಿಮಣಿ ಎಣ್ಣೆಯ ಅಡಿಯಿಂದ ಗಂಧದ ಪರಿಮಳ ಬಂತು.

"ಅಮ್ಮಮ್ಮ, ಚಕ್ರಕ್ಕೆ ಅಕ್ಷತೆ ಹಾಕದ್ದ್ ಯಾರ್?"

"ಚಕ್ರಕ್ಕೆ ನಾ ಗಂಧ ಮಾತ್ರ ಹಚ್ಚದ್ದ್ ಮಾರಾಯ್ರೆ. ಅಕ್ಷತಿ..." ಎಂದು ಅಮ್ಮಮ್ಮ ಹಿಂದೆ ತಿರುಗಿದರು. ಅವರ ಹಿಂದೆ ನಿಂತಿದ್ದವಳು ಅವರ ಸೆರಗಿನ ಹಿಂದೆ ಇನ್ನಷ್ಟು ಸಣ್ಣಗಾದಳು.

"ಚಂದೂ, ಎಲ್ಲಿಗೆ ಹಾಕಿದ್ಯೆ?"

"ಆ ತೂತಿನ್ ಬದಿಗೆ" ಎಂಬ ಉತ್ತರ ಸೆರಗಿನೊಳಗಿಂದ ಬಂತು. "ಮಲ್ಕಂಡ್ ಬಾಯಿ ಬಿಟ್ಕಂಡಂಗೆ ಇತ್ತ್. ಎಲ್ಲದಕ್ಕೂ ಹಣೆಗೆ ಹಚ್ಚಿತ್, ಪಾಪ, ಬಾಯಿಗೆ ಯಾರೂ ಎಂತದೂ ಕೊಡ್ಲಿಲ್ಲೆ ಅಲ್ದಾ? ಹಾಂಗಾಯಿ ಗಂಧ ಅಕ್ಷತಿ ಕಲ್ಸಿ ತುಂಬ್ಸಿದೆ. ಬೆರ್ಳಂಗೆ ಒತ್ತಿ ಒತ್ತಿ."

ಈಗ ನನಗೆ ಎಲ್ಲ ಹೊಳೆಯಿತು. ಅಂಗಳದಲ್ಲಿ ಮಲಗಿದ್ದಾಗ ಚಕ್ರದ ಒಳಮಗ್ಗುಲು ಮೇಲಾಗಿತ್ತು. ಅವಳು ತುಂಬಿಸಿದ ತುತ್ತು ಆ ಕಡೆಯ ತೋಡಿನ ಬಾಯಲ್ಲಿ ದಶಮಿಯ ಬಿಸಿಲಿಗೆ ಒಣಗಿ ಕಲ್ಲಾಗಿತ್ತು. ಅಮ್ಮಮ್ಮ ಮೇಲಿನದ್ದನ್ನು ಒರೆಸಿದ್ದರು, ನಾನು ಈ ಕಡೆಯಿಂದ ಗ್ರೀಸು ಹಚ್ಚಿದ್ದೆ, ಬೆರಳಿಗೆ ಎಟುಕದ ಆಳದಲ್ಲಿ ಅದು ಸುಖವಾಗಿ ಕೂತಿತ್ತು. ಭತ್ತ ಅಕ್ಕಿ ಮಾಡುವ ಎಂಜಿನನ್ನು ಒಂದು ಹಿಡಿ ಅಕ್ಕಿ ನಿಲ್ಲಿಸಿತ್ತು.

ಮೊದಲು ನಕ್ಕವರು ರಾಮಣ್ಣ ಶೆಟ್ರು. ಅವರು ನಕ್ಕದ್ದನ್ನು ನಾನು ಆವತ್ತೇ ಕಂಡದ್ದು. ಆಗತಾನೆ ಬಾಯಿಗೆ ಹಾಕಿಕೊಂಡಿದ್ದ ಎಲೆಯಡಿಕೆ ಎದುರಿದ್ದವರ ಅಂಗಿಯ ಮೇಲೆಲ್ಲ ಹಾರಿತು. ಆಮೇಲೆ ಇಡೀ ಅಂಗಳ ನಕ್ಕಿತು. ಭೋಜ ಕೂಡ ಕೊಡೆಯ ದುಃಖ ಮರೆತು, "ಹೊಟ್ಟಿ ತುಂಬ್ದವ್ನಿಗೆ ನೀವ್ ಬೆಣಿ ತಿನ್ಸೂಕೆ ಹೋದ್ರೆ ಅವ ಹ್ಯಾಂಗ್ ತಿಂತ?" ಎಂದ.

ಕೆದಕಿ ಕೆದಕಿ ಎಲ್ಲ ತೆಗೆದೆ. ಬೆಣೆ ಇಟ್ಟು ಹೊಡೆದೆ. ಬೆಣ್ಣೆಗೆ ಚೂರಿ ಹೋದ ಹಾಗೆ ಹೋಗಿ, ಕೊನೆಯ ಏಟಿಗೆ ಠಕ್ ಎಂದು ತುಂಬಿದ ಸದ್ದು ಮಾಡಿ, ತುಕ್ಕಿನ ಗೆರೆಯ ಮೇಲೆಯೇ ಕೂತಿತು. ಆ ಸದ್ದು ಕೇಳಿದವನಿಗೇ ಗೊತ್ತು. ಎಂಜಿನಿನ ಬುರುಡೆ ಕಾಯಿಸಿ, ನಾಲ್ಕು ಜನ ಸೇರಿ ಚಕ್ರ ತಿರುಗಿಸಿದೆವು. ಒಮ್ಮೆ ಕೆಮ್ಮಿತು, ಎರಡು ಸಲ ಸೀನಿತು, ಕರಿಹೊಗೆಯ ಒಂದು ಉಂಗುರ ಬಿಟ್ಟಿತು. ಆಮೇಲೆ ಡಬ್... ಡಬ್... ಡಬ್ ಡಬ್ ಡಬ್!

ಜನ ಚಾಪೆಗಳ ಕಡೆ ಓಡಿದರು. ಭತ್ತವನ್ನು ಗೋಣಿಗೆ ತುಂಬಿದರು, ಹೊತ್ತರು, ಓಡಿದರು. ಕೊನೆಯ ಗೋಣಿ ಮಿಲ್ಲಿನ ಮಾಡಿನ ಒಳಗೆ ಬರುವುದಕ್ಕೂ ಮಳೆ ಸುರಿಯುವುದಕ್ಕೂ ಸರಿಯಾಯಿತು. ಒಳಗೆ ಬಿಸಿ ಅಕ್ಕಿಯ ವಾಸನೆ, ತೌಡಿನ ಧೂಳು, ಮಾತು ಕೇಳದಷ್ಟು ಗದ್ದಲ. ಹೊರಗೆ ಭೋಜ ಒಂದು ಕಡ್ಡಿ ಇಲ್ಲದ ಕೊಡೆ ಬಿಡಿಸಿಕೊಂಡು, ಒಂದು ಹೆಗಲು ಪೂರಾ ನೆನೆಯುತ್ತ, ಮನೆಗೆ ಹೋಗುತ್ತಿದ್ದ. ನನ್ನ ಪೆಟ್ಟಿಗೆ ಹೊಳೆಗೆ ಹೋಗಲಿಲ್ಲ.

ಸಂಜೆ ಉಣ್ಣಲು ಕೂತಾಗ ಅಮ್ಮಮ್ಮ ತಾವೇ ಬಡಿಸಲು ಬಂದರು. ಹೊಸದಾಗಿ ಆದ ಕುಚ್ಚಲಕ್ಕಿಯ ಅನ್ನ, ಬಂಗುಡೆ ಸಾರು. ಎರಡನೆಯ ಸಲ ಅನ್ನ ಹಾಕುವಾಗ, ಸಾರು ಸಾಕೇ ಎಂದು ಕೇಳುವ ದನಿಯಲ್ಲಿಯೇ ಕೇಳಿದರು.

"ನಿಮ್ಮ ಬಳಿ ಯಾವ್ದ್ ಮೇಸ್ತ್ರಿ?"

ಕೈಯಲ್ಲಿದ್ದ ತುತ್ತನ್ನು ಎಲೆಗೆ ಇಳಿಸಿದೆ. ಬಳಿ, ಅಂದರೆ ತಾಯಿಯಿಂದ ಬರುವ ಕುಲ, ಕೇಳುವುದು ನಮ್ಮಲ್ಲಿ ಸುಮ್ಮನೆ ಕೇಳುವ ಮಾತಲ್ಲ. ಒಂದೇ ಬಳಿಯವರಿಗೆ ಮದುವೆಯಿಲ್ಲ. ಬೇರೆ ಬಳಿಯೆಂದರೆ ಮಾತು ಮುಂದುವರಿಸಬಹುದು. ನಾನು ಹೇಳಿದೆ. ಅಮ್ಮಮ್ಮ ಮಗನ ಕಡೆ ನೋಡಿದರು. ಅವರು ಚಂದ್ರಾವತಿಯ ಸೋದರಮಾವ, ಹೆಣ್ಣಿನ ಸೋದರಮಾವನ ಮಾತೇ ನಮ್ಮಲ್ಲಿ ಕಡೆಯ ಮಾತು. ರಾಮಣ್ಣ ಶೆಟ್ರು ಊಟದಿಂದ ತಲೆಯೆತ್ತದೆ ಹೇಳಿದರು.

"ಅರ ಕೈಯಂಗೆ ಹಿಡ್ದ್ರೂ ಬೆಣಿಗ್ ಹಾಕ್ಲಿಲ್ಲೆ ಅವ್ರ್. ನಾ ಕಂಡಿದೆ. ಅಡ್ಡಿಲ್ಲೆ."

ಅಡಿಗೆಮನೆಯಲ್ಲಿ ಒಂದು ಸೌಟು ಬಿದ್ದ ಸದ್ದು ಕೇಳಿತು.

ಮುಂದಿನ ಬೇಸಗೆಯಲ್ಲಿ ಮದುವೆಯಾಯಿತು. ಧಾರೆಯ ಹೊತ್ತಿಗೆ ನಾಲ್ಕು ದಿಕ್ಕಿನಿಂದ ಅಕ್ಷತೆ ಬಂದು ತಲೆ, ಹೆಗಲು, ಅಂಗಿಯ ಕಾಲರಿನ ಒಳಗೆಲ್ಲ ಬಿದ್ದಾಗ ನಾನು ಮೆಲ್ಲಗೆ ಪಕ್ಕಕ್ಕೆ ಬಾಗಿ, "ಇನ್ನ್ ನಾನೂ ತಿರ್ಗುದಿಲ್ಲೆ" ಎಂದೆ. ಮದುಮಗಳು ಧಾರೆಯ ಹೊತ್ತಿನಲ್ಲಿ ಹಾಗೆ ನಗಬಾರದು ಎಂದು ಅಮ್ಮಮ್ಮ ಆಮೇಲೆ ತುಂಬ ಹೊತ್ತು ಬೈದರು.

ಕಳೆದ ವರ್ಷ ವಂಡ್ಸೆಯ ಮಿಲ್ಲಿಗೆ ಕರೆಂಟು ಬಂತು. ಕೋಳಿಗೂಡಿನಷ್ಟೇ ದೊಡ್ಡ ಮೋಟರೊಂದು ಮೂಲೆಯಲ್ಲಿ ಕೂತು ಸೊಳ್ಳೆಯ ಹಾಗೆ ಗುಂಯ್‌ಗುಡುತ್ತ ಅದೇ ಕೆಲಸ ಮಾಡುತ್ತದೆ. ಹಳೆಯ ಎಂಜಿನನ್ನು ಬಿಚ್ಚಿಕೊಡಲು ಮಾವ ರಾಮಣ್ಣ ಶೆಟ್ರು ನನ್ನನ್ನೇ ಕರೆದರು. ಹೆಂಡತಿಯೂ ಜೊತೆಗೆ ಬಂದಳು. ಎಲ್ಲ ಬಿಚ್ಚಿತು, ಬೆಣೆ ಮಾತ್ರ ಬರಲೊಲ್ಲದು. ಅಂದು ಹೋಗುವುದಿಲ್ಲ ಎಂದು ಕೂತದ್ದು ಇಂದು ಬರುವುದಿಲ್ಲ ಎಂದು ಕೂತಿತು. ನಾನು ಬೆವರು ಒರೆಸಿಕೊಳ್ಳುತ್ತಿರುವಾಗ ಅವಳು ಹಿಂದಿನಿಂದ, "ಹಸ್ದಿತ್ ಕಾಣತ್ತ್. ಎಂತಾರೂ ತಿಂಬುಕ್ ಕೊಡ್ಕಾ?" ಎಂದಳು. ನಕ್ಕ ನಗುವಿಗೆ ನನ್ನ ಕೈ ಸಡಿಲಾಯಿತು, ಸುತ್ತಿಗೆ ಓರೆಯಾಗಿ ಬಿತ್ತು, ಆ ಓರೆ ಏಟಿಗೇ ಬೆಣೆ ಜಾರಿ ಹೊರಬಂತು. ಎಂಜಿನು ಗುಜರಿಗೆ ಹೋಯಿತು. ಬೆಣೆ ಅವಳ ಸೆರಗಿನಲ್ಲಿ ನಮ್ಮ ಮನೆಗೆ ಬಂತು.

ನನ್ನ ವರ್ಕ್‌ಶಾಪಿನಲ್ಲಿ ಆಯುಧಪೂಜೆಯ ಹಿಂದಿನ ದಿನ ನಾನು ಮಾಡುವ ಮೊದಲ ಕೆಲಸ, ಇರುವ ತೂತು ತೋಡುಗಳಿಗೆಲ್ಲ ಬಟ್ಟೆ ತುರುಕುವುದು. ಅವಳು ಹರಿವಾಣ ಹಿಡಿದು ಬಂದು, ಒಂದೊಂದರ ಎದುರೂ ನಿಂತು, ಮುಖ ನೋಡಿ ಗಂಧ ಹಚ್ಚುತ್ತಾಳೆ. ನಾನು ಹಿಂದೆ ಹಿಂದೆಯೇ ಕಾವಲು ಹೋಗುತ್ತ, ಇಲ್ಲಿ ಬೇಡ, ಅಲ್ಲಿ ಬೇಡ, ಇದು ಬೇರಿಂಗು, ಅದು ನಳಿಗೆ ಎಂದು ಹೇಳುತ್ತಲೇ ಇರುತ್ತೇನೆ. ಈ ಸಲ ಎಲ್ಲ ಮುಗಿದು ಹರಿವಾಣದಲ್ಲಿ ಒಂದು ಚಿಟಿಕೆ ಅಕ್ಷತೆ ಉಳಿದಿತ್ತು. ಅವಳು ಸುತ್ತ ನೋಡಿದಳು. ಎಲ್ಲ ಬಾಯಿಗೂ ಬಟ್ಟೆ. ಕೊನೆಗೆ ತಿರುಗಿ, ಆ ಚಿಟಿಕೆಯನ್ನು ನನ್ನ ತಲೆಗೆ ಹಾಕಿ, ಕೆಲಸದವರೆಲ್ಲ ಕೇಳುವ ಹಾಗೆ ಹೇಳಿದಳು.

"ಎಲ್ಲದ್ರ ಬಾಯಿ ಮುಚ್ಚಿಯಾಯ್ತ್. ಇದೊಂದ್ ಬಾಯಿ ಮಾತ್ರ, ಎಷ್ಟ್ ಹಾಕ್ರೂ ಮುಚ್ಚುದಿಲ್ಲೆ."